ಬಿಲ್ ಮಾಡುವ ಮುಂಚೆ ಮನೆ ನೋಡಲು ಬಿಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಕಲಬುರಗಿಯಲ್ಲಿ ಎಸಿ ಮಾರುವವನು. ಹನ್ನೊಂದು ವರ್ಷದಿಂದ ಇದೇ ಕೆಲಸ. ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ನೀವು ಕಾಲಿಟ್ಟ ಕೂಡಲೇ ಕಂಪನಿ ಟೀ ಶರ್ಟ್ ಹಾಕಿಕೊಂಡ ಒಬ್ಬ ಬಂದು "ಎಸಿ ನೋಡ್ತೀರಾ ಸರ್, ರೂಮ್ ಸೈಜ್ ಎಷ್ಟು?" ಅಂತ ಕೇಳುತ್ತಾನಲ್ಲ, ಅಂಥವರಲ್ಲಿ ನಾನೂ ಒಬ್ಬ. ಬೇಸಿಗೆ ಬಂತು ಅಂದರೆ ಪೇಪರ್‌ಗಳಲ್ಲಿ ಯಾವ ಎಸಿ ಕೊಳ್ಳಬೇಕು, ಎಷ್ಟು ಸ್ಟಾರ್ ನೋಡಬೇಕು ಅಂತ ಬರುತ್ತದೆ. ಮಾರುವವನ ಕಡೆಯಿಂದ ಯಾರಾದರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಉದ್ದ ಆದರೆ ಕ್ಷಮಿಸಿ.

ಒಂದು ಏಪ್ರಿಲ್ ತಿಂಗಳ ಕೊನೆಯ ಶನಿವಾರ. ಸಂಜೆ ಅಂಗಡಿ ತುಂಬಾ ಜನ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ, ಅಂಥ ಬಿಸಿಲು. ಹಗಲು ಯಾರೂ ಹೊರಗೆ ಬರಲ್ಲ, ಎಲ್ಲರೂ ಹೊತ್ತು ಮುಳುಗಿದ ಮೇಲೆ ಒಟ್ಟಿಗೇ ಬರುತ್ತಾರೆ. ಆ ದಿನ ಒಬ್ಬ ರಿಟೈರ್ಡ್ ಮಾಸ್ತರು ಬಂದರು. ಅವರ ಮನೆಯವರಿಗೆ ಹುಷಾರಿಲ್ಲ, ಸೆಕೆಗೆ ರಾತ್ರಿ ನಿದ್ದೆ ಇಲ್ಲ, ಪೆನ್ಷನ್ ದುಡ್ಡಲ್ಲಿ ಒಂದು ಎಸಿ ಹಾಕಿಸೋಣ ಅಂತ. ಖೋಲಿ ಎಷ್ಟು ಅಂದೆ. 12 ಅಡಿಗೆ 10 ಅಡಿ ಅಂದರು. 120 ಚದರ ಅಡಿಗೆ ಒಂದು ಟನ್, ಇದು ಅಂಗಡಿಯ ಲೆಕ್ಕ. ಒಂದು ಟನ್ ಸಾಕು ಸರ್ ಅಂದೆ. ಬಿಲ್ ಆಯಿತು. ಹತ್ತು ನಿಮಿಷ ಹಿಡಿಯಲಿಲ್ಲ.

ನಾನು ಕೇಳಲೇಬೇಕಾಗಿದ್ದ ಒಂದು ಮಾತು ಕೇಳಲಿಲ್ಲ. ಖೋಲಿಯ ಮೇಲೆ ಏನಿದೆ ಅಂತ.

ನಾಲ್ಕು ದಿನ ಬಿಟ್ಟು ಫೋನ್ ಬಂತು. "ತಮ್ಮಾ, ನೀ ಹೇಳಿದ್ದೇ ತಗೊಂಡೀವಿ. ರಾತ್ರಿ ಒಂದು ಹೊಡದ್ರೂ ಖೋಲಿ ಥಣ್ಣಗ ಆಗವಲ್ದು ನೋಡು." ದನಿಯಲ್ಲಿ ಸಿಟ್ಟು ಇರಲಿಲ್ಲ. ಬೈದಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ ಅನಿಸುತ್ತದೆ. ಕಂಪ್ಲೇಂಟ್ ನಂಬರ್ ಹಾಕಿಸಿ ಸುಮ್ನೆ ಇರಬಹುದಿತ್ತು, ಮಾರಾಟ ಆದ ಮೇಲೆ ನನ್ನ ಕೆಲಸ ಅಲ್ಲಿಗೆ ಮುಗಿಯಿತು ಅಂತಲೇ ನಮಗೆ ಹೇಳಿಕೊಡೋದು. ಆದರೂ ಭಾನುವಾರ ಬೈಕ್ ಹತ್ತಿ ಹೋದೆ.

ಮನೆ ಚೆನ್ನಾಗಿತ್ತು. ಕೆಳಗೆ ಶಹಾಬಾದ್ ಕಲ್ಲು ಹಾಸಿದ ಹಳೆಯ ಪಡಸಾಲೆ, ಬರಿಗಾಲಿಗೆ ತಂಪು. ಎಸಿ ಹಾಕಿದ ಖೋಲಿ ಮಾತ್ರ ಮೇಲೆ, ಛತ್ತಿನ ಮೇಲೆ ಹೊಸದಾಗಿ ಕಟ್ಟಿಸಿದ್ದು. ಆರ್‌ಸಿಸಿ ಸ್ಲ್ಯಾಬ್ ಇಡೀ ದಿನ ಬಿಸಿಲಿಗೆ ಕಾಯುತ್ತದೆ. ಪಶ್ಚಿಮದ ಗೋಡೆಗೆ ಮರದ ನೆರಳೂ ಇಲ್ಲ. ನಾನು ಹೋದಾಗ ಸಂಜೆ ಏಳಾಗಿತ್ತು. ಒಳಗಿನಿಂದ ಆ ಗೋಡೆಗೆ ಅಂಗೈ ಒತ್ತಿದೆ. ಆಗ ತಾನೇ ಇಳಿಸಿದ ಹಾಲಿನ ಪಾತ್ರೆ ಹಿಡಿದ ಹಾಗಿತ್ತು.

ಔಟ್‌ಡೋರ್, ಅಂದರೆ ಎಸಿಯ ಹೊರಗೆ ಇಡುವ ಪೆಟ್ಟಿಗೆ ನೋಡೋಣ ಅಂತ ಹೊರಗೆ ಹೋದೆ. ಖೋಲಿ ಗೋಡೆಗೂ ನೀರಿನ ಟ್ಯಾಂಕ್ ಕಟ್ಟೆಗೂ ನಡುವೆ ಇಕ್ಕಟ್ಟು ಜಾಗ, ಅಲ್ಲಿ ಕೂರಿಸಿದ್ದರು. ಫ್ಯಾನ್ ಮುಂದೆ ಒಂದು ಗೇಣೂ ಜಾಗ ಇಲ್ಲ. ಅದು ಉಗುಳಿದ ಬಿಸಿ ಗಾಳಿ ಕಟ್ಟೆಗೆ ಬಡಿದು ತಿರುಗಿ ಅದರೊಳಗೇ ಹೋಗುತ್ತಿತ್ತು. ತಾಮ್ರದ ಪೈಪ್ ಬಂದು ಸೇರುವ ನಟ್ ಹತ್ತಿರ ಎಣ್ಣೆ ಜಿಡ್ಡು ಕಂಡಿತು. ಬಟ್ಟೆ ಸೋಪಿನ ನೊರೆ ಮಾಡಿ ಹಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಸಣ್ಣ ಗುಳ್ಳೆ ಒಂದು ಎದ್ದಿತು, ದೊಡ್ಡದಾಯಿತು, ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು. ಗ್ಯಾಸ್ ಸೋರುತ್ತಿತ್ತು. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಾಗ ಮಾಸ್ತರ ಮನೆಯವರು ಮೆಟ್ಟಿಲು ಹತ್ತಿ ಬಂದು ಮಜ್ಜಿಗೆ ಕೊಟ್ಟರು. ಆ ಲೋಟ ನನಗೆ ಇವತ್ತಿಗೂ ನೆನಪಿದೆ.

ಬಾಕ್ಸ್ ಒಡೆದು ಗೋಡೆಗೆ ಹಾಕಿದ ಮೇಲೆ ಎಸಿ ವಾಪಸ್ ಇಲ್ಲ, ಅಂಗಡಿಯವರು ಒಪ್ಪಲಿಲ್ಲ. ಔಟ್‌ಡೋರ್ ಬಯಲಿಗೆ ತಂದು, ಪೈಪಿನ ಬಾಯಿ ಹೊಸದಾಗಿ ಮಾಡಿಸಿ, ಗ್ಯಾಸ್ ಹಾಕಿಸಿದೆವು. ಅರ್ಧ ಖರ್ಚು ನಾನು ಕೊಟ್ಟೆ. ಛತ್ತಿಗೆ ಎರಡು ಕೈ ಸುಣ್ಣ ಹೊಡೆಸಿ ಅಂದೆ, ಮಾಸ್ತರು ಮಾರನೇ ದಿನವೇ ಹೊಡೆಸಿದರು. ರಾತ್ರಿ ಮಲಗುವ ಮಟ್ಟಿಗೆ ಆಯಿತು. ಆದರೆ ಒಂದೂವರೆ ಟನ್ ಹಾಕಬೇಕಾದ ಕಡೆ ನಾನು ಒಂದು ಟನ್ ಕೊಟ್ಟಿದ್ದೆ, ಅದು ಹಾಗೇ ಉಳಿಯಿತು.

ಟನ್ ಅಂದರೆ ಯಂತ್ರದ ತೂಕ ಅಂತ ಎಷ್ಟೋ ಜನ ತಿಳಿದಿದ್ದಾರೆ. ಗೋಡೆ ತಡೆಯುತ್ತದಾ ಅಂತ ಕೇಳುತ್ತಾರೆ. ಅವರ ತಪ್ಪೇನಿಲ್ಲ, ಯಾರೂ ಹೇಳಿಕೊಟ್ಟಿಲ್ಲ. ಹಿಂದೆ ಅಮೆರಿಕದಲ್ಲಿ ಮಂಜುಗಡ್ಡೆ ಇಟ್ಟು ತಂಪು ಮಾಡುತ್ತಿದ್ದ ಕಾಲದ ಅಳತೆ ಇದು. ಅಲ್ಲಿನ ಒಂದು ಟನ್, ಅಂದರೆ ಸುಮಾರು 907 ಕೆ.ಜಿ. ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ ಅಷ್ಟು ಬಿಸಿಯನ್ನು ಖೋಲಿಯಿಂದ ಹೊರಗೆ ಹಾಕುವ ತಾಕತ್ತು. ಗಂಟೆಗೆ 12,000 ಬಿಟಿಯು (ಬಿಸಿ ಅಳೆಯುವ ಮಾನ) ಅಂತ ಬರೆದಿರುತ್ತದಲ್ಲ, ಅದೂ ಇದೇ.

ನಮ್ಮ ಊರಿಗೆ ಮುಖ್ಯವಾದ ಮಾತು ಇನ್ನೊಂದಿದೆ. ಈ ಟನ್ ಅಳೆಯುವುದು ಹೊರಗೆ 35 ಡಿಗ್ರಿ ಇದ್ದಾಗ. ಕಲಬುರಗಿ, ರಾಯಚೂರಲ್ಲಿ ಮೇ ತಿಂಗಳಲ್ಲಿ 42, 43 ಡಿಗ್ರಿ ಹೊಸತಲ್ಲ, ಛತ್ತಿನ ಮೇಲೆ ಬಿಸಿಲಲ್ಲಿ ನಿಂತ ಔಟ್‌ಡೋರ್‌ಗೆ ಅದಕ್ಕಿಂತಲೂ ಜಾಸ್ತಿ. ಹೊರಗೆ ಬಿಸಿ ಏರಿದಷ್ಟೂ ಯಂತ್ರದ ಕೈ ಸೋಲುತ್ತದೆ. ಹಾಗಾಗಿ ಬೆಂಗಳೂರಲ್ಲಿ ಒಂದು ಟನ್‌ನಲ್ಲಿ ಆರಾಮಾಗಿ ತಂಪಾಗುವ ಖೋಲಿಗೆ ಇಲ್ಲಿ ಒಂದು ಟನ್ ಸಾಲದೇ ಹೋಗಬಹುದು. ಕೆಲವು ಮಾಡೆಲ್‌ಗಳಲ್ಲಿ ಎಷ್ಟು ಡಿಗ್ರಿಯವರೆಗೆ ತಾಕತ್ತು ಕಮ್ಮಿ ಆಗಲ್ಲ ಅಂತ ಬೇರೆ ಹೇಳಿರುತ್ತಾರೆ. ನಮ್ಮ ಜಿಲ್ಲೆಯವರು ಅದನ್ನು ಕೇಳಿಯೇ ಕೊಳ್ಳಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಸಂಜೆ ಯಾಕೆ ಹೇಳಲಿಲ್ಲ ಅಂತ ಈಗ ಹೇಳುತ್ತೇನೆ.

ಆ ತಿಂಗಳ ಟಾರ್ಗೆಟ್‌ಗೆ ನನಗೆ ಇನ್ನೂ ಎರಡು ಎಸಿ ಬೇಕಿತ್ತು. ನಮ್ಮ ಟೀ ಶರ್ಟ್ ಮೇಲೆ ಕಂಪನಿ ಹೆಸರು ಇರುತ್ತದೆ, ಸಂಬಳ ಕೊಡುವುದು ಒಂದು ಏಜೆನ್ಸಿ, ನಿಲ್ಲುವುದು ಇನ್ನೊಬ್ಬರ ಅಂಗಡಿಯಲ್ಲಿ, ಮೂವರಿಗೂ ಉತ್ತರ ಹೇಳಬೇಕು. ಸಂಬಳ ಸಣ್ಣದು. ಮನೆ ನಡೆಯುವುದು ಇನ್ಸೆಂಟಿವ್ ಮೇಲೆ. ನನಗೆ ಟಾರ್ಗೆಟ್‌ನ ನೂರಕ್ಕೆ ಎಂಬತ್ತು ಮುಟ್ಟಿದರೆ ಇನ್ಸೆಂಟಿವ್ ಶುರು, ಒಂದು ಎಸಿ ಕಮ್ಮಿ ಆದರೂ ಸೊನ್ನೆ. ಹೋಲಿ ಕಳೆದ ಮೇಲೆ ಎರಡು ಎರಡೂವರೆ ತಿಂಗಳಲ್ಲಿ ದುಡಿದದ್ದರಲ್ಲೇ ವರ್ಷ ನೂಕಬೇಕು. 2025ರಲ್ಲಿ ಮೇ ತಿಂಗಳಲ್ಲೇ ಮಳೆ ಹಿಡಿಯಿತು, ಸೀಸನ್ ಅರ್ಧಕ್ಕೇ ನಿಂತಿತು. ಆಮೇಲೆ ಜಿಎಸ್‌ಟಿ ಇಳಿಯುತ್ತದೆ ಅಂತ ಆಗಸ್ಟ್ 15ರಂದು ಸುದ್ದಿ ಬಂತು, ಜನ ಕೊಳ್ಳುವುದನ್ನೇ ನಿಲ್ಲಿಸಿದರು, ಅವರು ಮಾಡಿದ್ದು ಸರಿಯೇ. ಎಸಿ ಮೇಲಿನ ತೆರಿಗೆ 28ರಿಂದ 18ಕ್ಕೆ ಇಳಿದದ್ದು ಸೆಪ್ಟೆಂಬರ್ 22ಕ್ಕೆ. ಅಲ್ಲಿಯವರೆಗೆ ಐದು ವಾರ ನಾವು ಸುಮ್ನೆ ನಿಂತಿದ್ದೆವು. ಟಾರ್ಗೆಟ್ ಮಾತ್ರ ಒಂದೂ ಇಳಿಯಲಿಲ್ಲ.

ಇಂಥ ಲೆಕ್ಕದಲ್ಲಿ ಗಿರಾಕಿಯನ್ನು ನಿಲ್ಲಿಸಿ "ನಾಳೆ ನಿಮ್ಮ ಮನೆಗೆ ಬಂದು ನೋಡುತ್ತೇನೆ, ಆಮೇಲೆ ಬಿಲ್ ಮಾಡೋಣ" ಅನ್ನಲು ಧೈರ್ಯ ಬರಲ್ಲ. ಅವರು ಹೊರಗೆ ಹೋದರೆ ಎದುರಿನ ಅಂಗಡಿಯವನು ಬಿಡುತ್ತಾನಾ? ಹೋಗಲಿ ಅಂತ ಹೊರಟರೂ ನಮ್ಮ ಮ್ಯಾನೇಜರ್, ಫ್ಲೋರ್ ಬಿಟ್ಟು ಎಲ್ಲಿಗೆ ಹೋದೆ ಅಂತ ಕೇಳುತ್ತಾರೆ. ಅವರ ಮೇಲೂ ಇದೇ ಒತ್ತಡ.

ಫಿಟ್ಟಿಂಗ್ ಮಾಡುವ ಹುಡುಗರ ಕಥೆಯೂ ಹೀಗೇ. ಒಂದು ಎಸಿಗೆ ಇಷ್ಟು ಅಂತ ದುಡ್ಡು. ಸೀಸನ್‌ನಲ್ಲಿ ದಿನಕ್ಕೆ ಆರೇಳು ಮನೆ ಓಡುತ್ತಾರೆ. ಪೈಪ್ ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಲ್ಲ ಎಳೆದು ತೆಗೆಯಬೇಕು. ಅದಕ್ಕೆ ಕಾಲು ಗಂಟೆ, ಅರ್ಧ ಗಂಟೆ ಬೇಕು. ಅವಸರದಲ್ಲಿ ಎಷ್ಟೋ ಕಡೆ ಪಂಪ್ ಬ್ಯಾಗಿನಿಂದ ಹೊರಗೇ ಬರಲ್ಲ. ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಗೆ ತಳ್ಳಿ ವಾಲ್ವ್ ತೆರೆದುಬಿಡುತ್ತಾರೆ. ಆ ದಿನ ತಂಪಾಗುತ್ತದೆ. ಒಳಗೆ ಉಳಿದ ತೇವ ಆಮೇಲೆ ಗ್ಯಾಸ್ ಒತ್ತುವ ಕಂಪ್ರೆಸರನ್ನೇ ತಿನ್ನುತ್ತದೆ. ಈಗಿನ ಬಹಳಷ್ಟು ಎಸಿಗಳಲ್ಲಿ ಇರುವ ಆರ್-32 ಗ್ಯಾಸ್ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವಂಥದ್ದು ಕೂಡ, ಅದನ್ನು ಹಾಗೆ ಹೊರಗೆ ಬಿಡುವುದು ಸರಿಯಲ್ಲ. ನಿಮ್ಮ ಮನೆಗೆ ಹುಡುಗ ಬಂದಾಗ ಪಂಪ್ ಓಡಿತಾ ಇಲ್ಲವಾ ಅಂತ ನಿಂತು ನೋಡಿ. ಅವನಿಗೆ ಒಂದು ಲೋಟ ನೀರು ಕೊಟ್ಟು, ಅವಸರ ಇಲ್ಲಪ್ಪಾ, ಚೆನ್ನಾಗಿ ಮಾಡು ಅನ್ನಿ. ನಿಜವಾಗಿ ಹೇಳುತ್ತೇನೆ, ಅಷ್ಟಕ್ಕೇ ಕೆಲಸ ಬೇರೆ ಆಗುತ್ತದೆ.

ಮನೆ ನೋಡಿದರೆ ಎಷ್ಟೋ ಸಲ ಎಸಿಯೇ ಬೇಡ ಅಂತ ಗೊತ್ತಾಗುತ್ತದೆ. ನಾನು ಮೊದಲ ಎರಡು ವರ್ಷ ಮಂಗಳೂರಲ್ಲಿ ಇದ್ದೆ. ಅಲ್ಲಿ ಗಾಳಿಯಲ್ಲೇ ನೀರು, ಕೂಲರ್ ಹಾಕಿದರೆ ಇನ್ನಷ್ಟು ಅಂಟು. ನಮ್ಮ ಕಲಬುರಗಿಯ ಒಣ ಬಿಸಿಲಿಗೆ ಕೂಲರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಒಣ ಗಾಳಿಗೆ ನೀರು ಬೇಗ ಆರುತ್ತದೆ, ಆರುವಾಗಲೇ ಅಲ್ವಾ ತಂಪಾಗೋದು. ಕಿಟಕಿ ತೆಗೆದಿಡಬೇಕು, ಅಷ್ಟೇ. ಎಸಿಯ ಹಾಗೆ ಬಾಗಿಲು ಮುಚ್ಚಿ ಕೂತರೆ ಖೋಲಿ ಕುದಿಯುತ್ತದೆ. ಕೆಳಮನೆ, ದಪ್ಪ ಕಲ್ಲಿನ ಗೋಡೆ, ಎರಡು ಕಡೆ ಕಿಟಕಿ ಇರುವವರಿಗೆ ಒಳ್ಳೆಯ ಕೂಲರ್ ಸಾಕು. ಒಮ್ಮೆ ಜೇವರ್ಗಿ ಕಡೆಯ ಒಬ್ಬ ರೈತರಿಗೆ ಹಾಗೇ ಹೇಳಿ ಕೂಲರ್ ಕೊಡಿಸಿದೆ. ನನಗೆ ಬರಬೇಕಾದ ಇನ್ಸೆಂಟಿವ್ ಹೋಯಿತು, ಮೇಲಿನವರಿಂದ ಮಾತೂ ಕೇಳಿದೆ. ಆ ರೈತರು ಮುಂದಿನ ವರ್ಷ ತಮ್ಮ ಅಳಿಯನನ್ನು ಕರೆದುಕೊಂಡು ನನ್ನನ್ನೇ ಹುಡುಕಿಕೊಂಡು ಬಂದರು.

ಇನ್ನು ಕರೆಂಟ್ ಬಿಲ್. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಎಸಿ ಹಾಕಿದರೆ 200 ಯೂನಿಟ್ ದಾಟುತ್ತದಾ? ದಾಟಿದರೆ ಆ ತಿಂಗಳ ಇಡೀ ಬಿಲ್ ಕಟ್ಟಬೇಕು, ಆದ್ದರಿಂದ ಇದು ಸಣ್ಣ ಪ್ರಶ್ನೆ ಅಲ್ಲ. ಉತ್ತರ ಎಸಿ ಮೇಲೆ ಅಂಟಿಸಿದ ಸ್ಟಾರ್ ಚೀಟಿಯಲ್ಲೇ ಇದೆ. ವರ್ಷಕ್ಕೆ ಇಷ್ಟು ಯೂನಿಟ್ ಅಂತ ಒಂದು ಅಂಕಿ ಇರುತ್ತದೆ. ಅದು 1600 ಗಂಟೆ ಓಡಿಸಿದರೆ ಆಗುವ ಲೆಕ್ಕ. 960 ಅಂತ ಇದ್ದರೆ 1600ರಿಂದ ಭಾಗಿಸಿ, ಗಂಟೆಗೆ 0.6 ಯೂನಿಟ್. ರಾತ್ರಿ ಎಂಟು ಗಂಟೆ ಹಾಕಿದರೆ ಐದು ಯೂನಿಟ್‌ಗೆ ಹತ್ತಿರ, ತಿಂಗಳಿಗೆ 144. ನಮ್ಮ ಬೇಸಿಗೆಗೆ ಇನ್ನೂ ಸ್ವಲ್ಪ ಜಾಸ್ತಿಯೇ ಹಿಡಿಯಿರಿ. ಅದರ ಮೇಲೆ ಫ್ರಿಜ್, ಫ್ಯಾನ್, ಮೋಟರ್ ಸೇರಿಸಿ ನೋಡಿ. 24 ಡಿಗ್ರಿಯಲ್ಲಿ ಇಟ್ಟು ಫ್ಯಾನ್ ಹಾಕಿಕೊಂಡರೆ ಬಿಲ್ ಹಿಡಿತದಲ್ಲಿ ಇರುತ್ತದೆ, 18ಕ್ಕೆ ಇಟ್ಟರೆ ಖಂಡಿತ ಇರಲ್ಲ. ಈ ಚೀಟಿಯ ಮೇಲೆ ಒಂದು ಅಕ್ಷರ ಕನ್ನಡ ಇಲ್ಲ. ಮಾಸ್ತರಂಥವರು ಓದಿಕೊಳ್ಳಬಹುದು, ಆ ರೈತರು ಏನು ಮಾಡಬೇಕು? ಸ್ಟಾರ್ ಎಷ್ಟಿವೆ ಅಂತ ಎಣಿಸಿ ಬಿಡುತ್ತಾರೆ. 2026ರ ಜನವರಿಯಿಂದ ಸ್ಟಾರ್ ಅಳತೆಯೂ ಬಿಗಿಯಾಗಿದೆ, ಹಳೆಯ ಐದು ಸ್ಟಾರ್‌ಗೆ ಈಗ ಐದು ಸಿಗಲ್ಲ. ಚೀಟಿ ಯಾವ ಅವಧಿಯದ್ದು ಅಂತ ಅದರ ಮೇಲೇ ಇರುತ್ತದೆ, ಅದನ್ನು ಓದಿ ಹೇಳು ಅಂತ ಮಾರುವವನನ್ನೇ ಕೇಳಿ. ಕರ್ನಾಟಕದಲ್ಲಿ ಮಾರುವ ಎಸಿಗೆ ಕನ್ನಡ ಚೀಟಿ ಬೇಕು ಅಂತ ನಮ್ಮ ಸಂಸದರು ಒಮ್ಮೆ ಬಾಯಿ ಬಿಟ್ಟು ಕೇಳಬೇಕು.

ಕಂಪನಿಯವರಿಗೆ, ಅಂಗಡಿ ಮಾಲೀಕರಿಗೆ ನನ್ನ ಬೇಡಿಕೆ ಒಂದೇ. ಎಸಿ ಬಿಲ್ ಆಗುವ ಮುಂಚೆ ನಮ್ಮಲ್ಲಿ ಒಬ್ಬನನ್ನು ಗಿರಾಕಿ ಮನೆಗೆ ಕಳಿಸಿ. ಊರೊಳಗೆ ಒಂದು ಗಂಟೆಯ ಕೆಲಸ. ಆ ಗಂಟೆಯನ್ನು ನಮ್ಮ ಕೆಲಸ ಅಂತ ಬರೆದುಕೊಳ್ಳಿ, ಪೆಟ್ರೋಲ್ ದುಡ್ಡು ಕೊಡಿ. ಇನ್ಸೆಂಟಿವ್‌ನ ಒಂದು ಪಾಲನ್ನು ಬಿಲ್ ಆದ ದಿನ ಕೊಡಬೇಡಿ, ಮೂರು ತಿಂಗಳು ದೂರು ಬರದಿದ್ದರೆ ಕೊಡಿ, ನಾನಂತೂ ಖುಷಿಯಿಂದ ಒಪ್ಪುತ್ತೇನೆ. ವಾಪಸ್ ಬರುವ ಕಂಪ್ಲೇಂಟ್ ಕಮ್ಮಿ ಆದರೆ ಉಳಿಯುವುದು ನಿಮ್ಮ ದುಡ್ಡೇ ಅಲ್ವಾ.

ಅದಾಗುವವರೆಗೆ ಓದುಗರು ಒಂದು ಕೆಲಸ ಮಾಡಬಹುದು. ಅಂಗಡಿಗೆ ಬರುವ ಮುಂಚೆ ಖೋಲಿಯ ಉದ್ದ, ಅಗಲ, ಎತ್ತರ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಮೇಲೆ ಇನ್ನೊಂದು ಮಹಡಿ ಇದೆಯಾ, ನೇರ ಛತ್ತಾ ಅಂತ ಬರೆಯಿರಿ. ಪಶ್ಚಿಮದ ಗೋಡೆ ಯಾವುದು, ಎಷ್ಟು ಜನ ಮಲಗುತ್ತೀರಿ, ಬೇಸಿಗೆಯಲ್ಲಿ ವೋಲ್ಟೇಜ್ ಬೀಳುತ್ತದಾ ಅಂತಲೂ ಬರೆಯಿರಿ. ಔಟ್‌ಡೋರ್ ಇಡುವ ಜಾಗದ್ದು ಒಂದು ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಅದನ್ನು ನಮ್ಮ ಕೈಗೆ ಕೊಟ್ಟು, ಈಗ ಹೇಳಪ್ಪಾ, ಯಾವುದು ಸರಿ ಅಂತ ಕೇಳಿ. ಆಗ ಎಷ್ಟೇ ಜನ ಇದ್ದರೂ ನಾವು ನಿಂತು ನೋಡಿಯೇ ಹೇಳಬೇಕಾಗುತ್ತದೆ.

ಇಂತಿ,
ಒಬ್ಬ ಎಸಿ ಸೇಲ್ಸ್‌ಮನ್, ಕಲಬುರಗಿ