ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಕಸಿ ವಾರ್ಡಿನಲ್ಲಿ ಊಟದ ಲೆಕ್ಕ ಯಾರದು?

ಮಾನ್ಯ ಆರೋಗ್ಯ ಸಚಿವರಿಗೆ, ನಮಸ್ಕಾರಗಳು.

ನನ್ನ ತಮ್ಮನ ಕಸಿಗೆ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಮೂಲಕೋಶ, ಕೊಟ್ಟವಳು ನಾನು. ವಾರ್ಡಿನಲ್ಲಿ ಅವನ ರಕ್ತಕಣಗಳ ಎಣಿಕೆಯನ್ನು ದಿನವೂ ಬರೆದಿಡುತ್ತಿದ್ದರು. ಎಷ್ಟು ತುತ್ತು ಒಳಗೆ ಹೋಯಿತೆಂದು ಯಾರೂ ಬರೆಯಲಿಲ್ಲ. ತಟ್ಟೆ ಬಂದ ಹಾಗೇ ವಾಪಸ್ ಹೋಗುತ್ತಿತ್ತು.

ಕಸಿಗೆ ಮುಂಚಿನ ಭಾರಿ ಕೀಮೋ ಹಳೆಯ ಅಸ್ಥಿಮಜ್ಜೆಯನ್ನಷ್ಟೇ ನಾಶ ಮಾಡುವುದಿಲ್ಲ, ಬಾಯಿಯಿಂದ ಕರುಳಿನವರೆಗಿನ ಒಳಪೊರೆಯನ್ನೂ ಹಾಳುಮಾಡುತ್ತದೆ. ಬಾಯಿತುಂಬ ಹುಣ್ಣು, ವಾಂತಿ, ಭೇದಿ. ಎಂಜಲು ನುಂಗುವುದೂ ಕಷ್ಟ. ಹೊಸ ಕೋಶಗಳು ನೆಲೆಯೂರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ದೇಹ ಹೆಚ್ಚು ಪೋಷಣೆ ಬೇಡುವುದೂ ಆಗಲೇ. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 30 ಕಿಲೋಕ್ಯಾಲರಿ, 1.5 ಗ್ರಾಂ ಪ್ರೋಟೀನ್ ಎಂಬ ಗುರಿಯಿದೆ. 60 ಕಿಲೋ ತೂಗುವವರಿಗೆ 90 ಗ್ರಾಂ ಪ್ರೋಟೀನ್. ಆ ಬಾಯಿಂದ ಅಷ್ಟು ಹೇಗೆ ತಿನ್ನಬೇಕು?

ತೂಕ ಇಳಿದಿಲ್ಲವೆಂದು ನಾವೂ ಸಮಾಧಾನಪಟ್ಟಿದ್ದೆವು. ಡ್ರಿಪ್ಪಿನ ನೀರು ಮೈಯಲ್ಲಿ ನಿಂತು ಸ್ನಾಯು ಕರಗಿದ್ದನ್ನು ಮುಚ್ಚಿತ್ತು. ಊತ ಇಳಿದ ಮೇಲೆ ಎದ್ದು ನಿಲ್ಲಲು ಅವನಿಗೆ ನನ್ನ ಹೆಗಲು ಬೇಕಾಯಿತು.

ಆದ್ದರಿಂದ ಕೇಳುತ್ತಿದ್ದೇನೆ. ಕಸಿ ನಡೆಯುವ ಪ್ರತಿ ಆಸ್ಪತ್ರೆಯಲ್ಲೂ ಆಹಾರತಜ್ಞರೊಬ್ಬರು ಕಡ್ಡಾಯವಾಗಿ ಇರಲಿ. ರೋಗಿ ದಾಖಲಾಗುವ ಮುಂಚೆಯೇ ಪೋಷಣೆಯ ತಪಾಸಣೆ ಆಗಲಿ. ಸೊರಗಿ ಬಂದವರಿಗೆ ಕಸಿಯ ಅಪಾಯ ಹೆಚ್ಚು. ತಿನ್ನಲಾಗದಿದ್ದರೆ ಮೂಗಿನ ನಳಿಕೆಯ ಮಾತು ಬೇಗ ಬರಲಿ. ಹುಣ್ಣು ಉಲ್ಬಣಿಸಿ ಪ್ಲೇಟ್‌ಲೆಟ್ ಕುಸಿದ ಮೇಲೆ ನಳಿಕೆ ಹಾಕುವುದು ನೋವಿನದು, ರಕ್ತಸ್ರಾವದ ಭಯವೂ ಇರುತ್ತದೆ. ಕರುಳು ಕೆಲಸ ಮಾಡುತ್ತಿರುವಷ್ಟು ದಿನವೂ ಅದರ ಮೂಲಕವೇ ಉಣಿಸುವುದು ಒಳ್ಳೆಯದು. ರಕ್ತನಾಳದ ಮೂಲಕ ಪೋಷಣೆ ಕೊಡುವುದು ಅದು ಸಾಧ್ಯವಾಗದಾಗ.

ಇನ್ನೊಂದು ಮಾತು. ಸೋಂಕಿನ ಹೆದರಿಕೆಯಿಂದ ಹಸಿ ಹಣ್ಣು, ತರಕಾರಿ ಪೂರ್ತಿ ನಿಷೇಧಿಸುವ ಪಥ್ಯ ಇನ್ನೂ ಹಲವೆಡೆ ಉಳಿದಿದೆ. ಅದರಿಂದ ಸೋಂಕು ಕಡಿಮೆಯಾಗುತ್ತದೆಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಚೆನ್ನಾಗಿ ತೊಳೆದು, ಶುಚಿಯಾಗಿ ತಯಾರಿಸಿ ಕೊಡುವುದು ಮುಖ್ಯ. ಮೊದಲೇ ತಿನ್ನದವರ ಮುಂದೆ ಇದ್ದಬದ್ದ ಆಯ್ಕೆಯನ್ನೂ ಕಸಿದುಕೊಳ್ಳಬೇಡಿ.

ಮನೆಗೆ ಕಳಿಸಿದ ಮೇಲೂ ಕನಿಷ್ಠ 100 ದಿನ ಆಹಾರತಜ್ಞರ ಭೇಟಿ, ಪೋಷಕಾಹಾರ ಎರಡೂ ಸರ್ಕಾರದ ನೆರವಿನ ಪಟ್ಟಿಯಲ್ಲಿರಲಿ. ದಾನಿಯ ಕೋಶಗಳು ರೋಗಿಯ ಕರುಳಿನ ಮೇಲೆ ತಿರುಗಿಬೀಳುವುದು, ಅದಕ್ಕೆ ಕೊಡುವ ಸ್ಟೀರಾಯ್ಡ್ ಸ್ನಾಯುವನ್ನು ಇನ್ನಷ್ಟು ಕರಗಿಸುವುದು ಈ ಅವಧಿಯಲ್ಲೇ ಹೆಚ್ಚು. ತಮ್ಮನ ಕರುಳಿನ ಮೇಲೆ ತಿರುಗಿಬಿದ್ದವು ನಾನು ಕೊಟ್ಟ ಕೋಶಗಳೇ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಒಬ್ಬ ಅಕ್ಕ