ಭಾನುವಾರ ಲ್ಯಾವೆಂಡರ್ ಸರದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಸೆಂಟು ಮೂಸಿ ನೋಡೋಕೆ ನಮ್ಮ ಮಹಡಿ ಮೇಲೆ ಸೇರೋಣ. ಈ ಸಲ ಯಾರ್ಡ್ಲಿ ಇಂಗ್ಲಿಷ್ ಲ್ಯಾವೆಂಡರ್. ಅವತ್ತು ಬೇರೆ ಸೆಂಟು ಹಾಕ್ಕೊಂಡು ಬರಬೇಡಿ (ಮಲ್ಲಿಗೆ ಮುಡಿದು ಬಂದವರಿಗೆ ಮಾಫಿ). 1873ರಲ್ಲಿ ಲಂಡನ್ನಿನಲ್ಲಿ ಬಂದ ಪರಿಮಳ. 2009ರಿಂದ ಇಲ್ಲಿ ಅದರ ಒಡೆತನ ನಮ್ಮ ಬೆಂಗಳೂರಿನ ವಿಪ್ರೋದ್ದು. ನನಗಂತೂ ಅದು ಸೋದರತ್ತೆಯ ಟ್ರಂಕು: ಮುಚ್ಚಳ ಎತ್ತಿದರೆ ರೇಷ್ಮೆ ಸೀರೆ, ಡಾಂಬರು ಗುಳಿಗೆ, ಅವೆರಡರ ಮೇಲೆ ತಣ್ಣಗೆ ಲ್ಯಾವೆಂಡರ್ ಪೌಡರ್. ಮಣಿಕಟ್ಟಿಗೆ ಹಾಕಿದ ತಕ್ಷಣ ಉಜ್ಜಬೇಡಿ; ಮೊದಲು ಕರ್ಪೂರದಂಥ ಚುರುಕು, 10 ನಿಮಿಷ ಬಿಟ್ಟು ಒಣಹುಲ್ಲಿನ ಮೆತ್ತನೆ ವಾಸನೆ. ಹಳೇ ಬಾಟಲಿ, ಡಬ್ಬಿ ಇದ್ದರೆ ಖಾಲಿಯಾಗಿದ್ದರೂ ತನ್ನಿ. ಬರೋರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ, ಡಿಕಾಕ್ಷನ್ ಲೆಕ್ಕಕ್ಕೆ ಬೇಕು.