ಅರ್ಧ ಇಂಚಿನ ಪೈಪಿನವನಿಗೆ

ಲೋ ಗುಂಡ,

ವಾಟ್ಸಾಪಲ್ಲಿ ಬರೆದರೆ ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಎಲ್ಲರೆದುರು ಪತ್ರ. ಓದುವವರು ಓದಲಿ, ನಿನ್ನ ಮಾನ ಹೇಗೂ ಡಿಪ್ಲೊಮಾ ಮೂರನೇ ಸೆಮಿಸ್ಟರಲ್ಲೇ ಹೋಯಿತು.

ಇರಾನಿನ ಕಾಶಾನಿಗೆ ಹೋಗಿದ್ದೆ, ಫಿನ್ ತೋಟ ನೋಡಲು. ಮರುಭೂಮಿಯ ಅಂಚಿನ ಊರು. ಹೊರಗೆ ಎತ್ತ ನೋಡಿದರೂ ಬೂದು ಮಣ್ಣು. ಬಾಗಿಲು ದಾಟಿದೆ ನೋಡು, ಎರಡೂ ಕಡೆ ಹಳೇ ಸೈಪ್ರೆಸ್ ಮರ, ನಡುವೆ ಕಾಲುವೆ. ಕಾಲುವೆಯ ಒಳಗೆಲ್ಲ ನೀಲಿ-ಹಸಿರು ಟೈಲ್ಸ್. ನೀರಿರುವುದು ಸ್ವಲ್ಪವೇ, ಆ ಬಣ್ಣಕ್ಕೆ ಆಳವಿದೆ ಅನ್ನಿಸುತ್ತದೆ. ಉದ್ದಕ್ಕೂ ಸಾಲಾಗಿ ಚಿಕ್ಕ ಚಿಕ್ಕ ಚಿಲುಮೆ.

ಪಂಪಿಲ್ಲ ಕಣೋ! ಹಿಂದಿನ ಇಳಿಜಾರಿನಲ್ಲಿ ಒಂದು ಬುಗ್ಗೆ. ಅದರ ನೀರು ಮೇಲಿನ ತೊಟ್ಟಿಯಲ್ಲಿ ನಿಂತು, ಮಣ್ಣಿನ ಕೊಳವೆಯಲ್ಲಿ ಇಳಿದು, ತೂತು ಸಿಕ್ಕಲ್ಲಿ ಚಿಮ್ಮುತ್ತದೆ. ಮಟ್ಟದ ಲೆಕ್ಕ, ಅಷ್ಟೇ. ಇರಾನಿನ ದೊರೆ ಷಾ ಅಬ್ಬಾಸನ ಕಾಲದ ತೋಟ, ನಾನೂರು ವರ್ಷ ದಾಟಿದೆ. ನೀನು ಕಟ್ಟಿದ ಮನೆಯ ಮೂರನೇ ಮಹಡಿಯ ಶವರ್ ನೆನಪಾಗಿ ಒಬ್ಬನೇ ನಕ್ಕೆ. ಬೀದರಿನ ನೌಬಾದಿನಲ್ಲಿ ಸುರಂಗ ಬಾವಿಗೆ ಇಣುಕಿ ಚಪ್ಪಲಿ ಬೀಳಿಸಿದೆಯಲ್ಲ, ನೆಲದಡಿ ನೀರನ್ನು ಇಳಿಜಾರಿನಲ್ಲೇ ಹರಿಸುವ ಆ ವಿದ್ಯೆ ಬಹಮನಿಗಳ ಕಾಲದಲ್ಲಿ ಬಂದದ್ದು ಈ ಇರಾನಿನ ಕಡೆಯಿಂದಲೇ.

ತೋಟದ ನಡುವೆ ಒಂದು ಮಂಟಪ. ಕಾಲುವೆ ಅದನ್ನು ಸುತ್ತಿ ಹೋಗುವುದಿಲ್ಲ, ನೇರ ಒಳಗೇ ನುಗ್ಗುತ್ತದೆ. ಕಮಾನಿನ ಕೆಳಗೆ ಕೊಳ, ಮೇಲೆ ಚಿತ್ರ ಬರೆದ ಚಾವಣಿ. ಅಲ್ಲಿ ಕೂತರೆ ನೀರಿನ ಸದ್ದು ಬಿಟ್ಟು ಬೇರೇನೂ ಕೇಳಿಸದು.

ಇದೇ ತೋಟದ ಸ್ನಾನಗೃಹದಲ್ಲಿ 1852ರಲ್ಲಿ ಅಮೀರ್ ಕಬೀರನನ್ನು ಕೊಂದರು. ಪ್ರಧಾನಿಯಾಗಿದ್ದವನು, ಟೆಹ್ರಾನಿನಲ್ಲಿ ದಾರುಲ್ ಫುನೂನ್ ಅಂತ ಹೊಸ ಕಾಲದ ಶಾಲೆ ಕಟ್ಟಿಸಿದವನು. ರಾಜ ಅವನ ಭಾವಮೈದುನನೇ. ಆಜ್ಞೆ ಅವನದೇ. ನರ ಕೊಯ್ದರಂತೆ. ಹೊರಗೆ ಚಿಲುಮೆ ಆಗಲೂ ಚಿಮ್ಮುತ್ತಿತ್ತು, ಅಲ್ವಾ?

ಗೋಡೆಯ ಕಡೆ ಗಮನ ಹೋದದ್ದೇ ಆಮೇಲೆ. ಇಂಗ್ಲಿಷಿನ ಪ್ಯಾರಡೈಸ್ ಇದೆಯಲ್ಲ, ಅದು ಮೂಲದಲ್ಲಿ ಹಳೇ ಇರಾನಿ ಮಾತು, ಪೈರಿದೇಜ. ಪೈರಿ ಅಂದರೆ ಸುತ್ತ, ನಮ್ಮ 'ಪರಿಧಿ'ಯ 'ಪರಿ'ಯೇ. ದೇಜ ಅಂದರೆ ಗೋಡೆ. ಸ್ವರ್ಗದ ಹೆಸರಿನಲ್ಲಿ ಮರವೂ ಇಲ್ಲ, ನೀರೂ ಇಲ್ಲ. ಬರೀ ಕಾಂಪೌಂಡು.

ಗುಂಡ, ನಿಮ್ಮ ಅಪ್ಪಾಜಿ ಹೋದ ರಾತ್ರಿ ನಿನ್ನ ಮೂರು ಕಾಲ್ ಬಂದಿದ್ದವು. ನೆಟ್‌ವರ್ಕ್ ಇರಲಿಲ್ಲ ಅಂದೆನಲ್ಲ, ಸುಳ್ಳು. ಫೋನ್ ಕೈಯಲ್ಲೇ ಇತ್ತು. ಆಗಷ್ಟೇ ಹೊಸ ಕೆಲಸ, ಹೊಸ ಫ್ಲಾಟು, ಬಾಲ್ಕನಿಯಲ್ಲಿ ನಾಲ್ಕು ಕುಂಡ. ಎತ್ತಿದರೆ ಏನು ಕೇಳಬೇಕಾಗುತ್ತದೆ ಅಂತ ಗೊತ್ತಿತ್ತು. ಫೋನನ್ನು ಬೋರಲು ಹಾಕಿ ಕುಂಡಗಳಿಗೆ ನೀರು ಹಾಕಿದೆ. ರಾತ್ರಿ ಹನ್ನೊಂದೂವರೆಗೆ. ಬೆಳಿಗ್ಗೆ ಹಾಕಿದ್ದು ಇನ್ನೂ ಆರಿರಲಿಲ್ಲ, ತಟ್ಟೆ ತುಂಬಿ ನೆಲಕ್ಕೆಲ್ಲ ಹರಿಯಿತು. ಒರೆಸುತ್ತಾ ಕೂತೆ. ಎರಡು ವರ್ಷ ನನಗೆ ಊಟ ಹಾಕಿದ ಮನುಷ್ಯ.

ಇದನ್ನು ಬರೆಯಲು ಕೂತಿರಲಿಲ್ಲ ಮಾರಾಯ. ಹೇಳಬೇಕು ಅಂತಿದ್ದದ್ದು ಬೇರೆ. ತೋಟದ ಮಂಟಪಕ್ಕೆ ಅಲ್ಲಿ ಕುಶ್ಕ್ ಅನ್ನುತ್ತಾರೆ. ಅದೇ ತುರ್ಕಿಗೆ ಹೋಗಿ, ಯುರೋಪ್ ಸುತ್ತಿ, ಕಿಯೋಸ್ಕ್ ಆಗಿ ನಮ್ಮ ಬಸ್‌ಸ್ಟ್ಯಾಂಡಿಗೆ ಬಂದಿದೆ. ಅಂದರೆ ನೀನು ಕಾಲೇಜಿನ ಮೂರೂ ವರ್ಷ ಸಾಲ ಹೇಳಿದ್ದು ಷಾಗಳ ಮಂಟಪದಲ್ಲಿ. ಆ ಬಾಕಿ ತೀರಿಸಿದೆಯಾ?

ಬೈಯುವುದಿದ್ದರೆ ಇಲ್ಲಿ ಕೆಳಗೆ ಬರೆಯಬೇಡ, ನಮ್ಮತ್ತೆ ಓದುತ್ತಾರೆ. ಫೋನ್ ಮಾಡು. ಮೊದಲ ರಿಂಗಿಗೇ ಎತ್ತುತ್ತೇನೆ ಅಂತ ಆಣೆ ಇಡಲ್ಲ, ಸ್ನಾನಕ್ಕೆ ಹೋಗಿರಬಹುದು. ಬಾತ್‌ರೂಮಿಗೆ ಮಾತ್ರ ಯಾರನ್ನೂ ಕಳಿಸಬೇಡ.

ಇಂತಿ,
ಗೊತ್ತಲ್ಲ